ಹಡಗು ವ್ಯಾಪಾರದ ಆಟಗಳಲ್ಲಿ ಯಾವ ದಾರಿ ಗಿಟ್ಟುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಬಂದರಿನಲ್ಲಿ ಸರಕು ಕೊಂಡು, ಹಡಗಿನಲ್ಲಿ ಸಾಗಿಸಿ, ಇನ್ನೊಂದರಲ್ಲಿ ಮಾರುವ ಈ ಕಂಪ್ಯೂಟರ್ ಆಟಗಳನ್ನು ಮೈಸೂರು, ಮಂಡ್ಯ ಕಡೆ ಆಡುವವರು ದೊಡ್ಡ ಗುಂಪೇನಲ್ಲ. ಆದರೆ ಇರುವವರೆಲ್ಲ ಕೇಳಿದ್ದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಮೆಸೇಜು ಹಾಕಿ ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಇಲ್ಲಿ ಮುಖ್ಯವಾಗಿ ಬರುವುದು ಮೂರು ಆಟ: ಕೋಯಿ ಕಂಪನಿಯ ‘ಅನ್‌ಚಾರ್ಟೆಡ್ ವಾಟರ್ಸ್: ನ್ಯೂ ಹೊರೈಜನ್ಸ್’, ಜರ್ಮನಿಯ ಅಸ್ಕರಾನ್ ಮಾಡಿದ ‘ಪೆಟ್ರಿಶಿಯನ್ 3’, ಮತ್ತೆ ‘ಪೋರ್ಟ್ ರಾಯಲ್ 4’. ನಡುನಡುವೆ ‘ಸಿಡ್ ಮೈಯರ್ಸ್ ಪೈರೇಟ್ಸ್’ ಕೂಡ ಬರುತ್ತೆ. ಬೇರೆ ಆಟ ಆಡುವವರಿಗೂ ಲೆಕ್ಕದ ಭಾಗ ಹಾಗೇ ಅನ್ವಯಿಸುತ್ತೆ.

ಅಣ್ಣಾ, ಸುತ್ತಿ ಬಳಸಿ ಹೇಳಬೇಡಿ. ಎಲ್ಲಕ್ಕಿಂತ ಜಾಸ್ತಿ ದುಡ್ಡು ಬರೋ ದಾರಿ ಯಾವುದು?

ನ್ಯೂ ಹೊರೈಜನ್ಸ್ ಆಡ್ತಿದ್ದೀರಿ, ಈಗಷ್ಟೇ ಶುರು ಮಾಡಿದ್ದೀರಿ ಅಂದರೆ ಇಸ್ತಾಂಬುಲ್–ಅಥೆನ್ಸ್. ಇಸ್ತಾಂಬುಲ್‌ನಲ್ಲಿ ರತ್ನಗಂಬಳಿ ತುಂಬಿ ಅಥೆನ್ಸ್‌ನಲ್ಲಿ ಮಾರಿ, ಅಥೆನ್ಸ್‌ನಲ್ಲಿ ಕಲಾಕೃತಿ ತುಂಬಿ ಇಸ್ತಾಂಬುಲ್‌ಗೆ ತನ್ನಿ. ಈ ಆಟ ಆಡಿದವರ ಬಾಯಲ್ಲಿ ಮೂವತ್ತು ವರ್ಷದಿಂದ ಓಡಾಡುತ್ತಿರುವ ದಾರಿ ಇದು.

ಬೇರೆ ಆಟವಾದರೆ, ಅಥವಾ ಈ ಆಟದಲ್ಲೇ ಸ್ವಲ್ಪ ಮುಂದೆ ಹೋಗಿದ್ದರೆ, ಉತ್ತರ ನಿಮ್ಮ ಹಡಗಿನ ಮೇಲೆ, ಕೈಯಲ್ಲಿರುವ ಬಂಡವಾಳದ ಮೇಲೆ, ಆ ಹೊತ್ತಿನ ರೇಟಿನ ಮೇಲೆ ನಿಂತಿದೆ. ‘ನಂಬರ್ ಒನ್ ರೂಟ್’ ಅಂತ ಪಟ್ಟಿ ಕೊಡುವವರು ತಮ್ಮ ಹಡಗಿಗೆ ಗಿಟ್ಟಿದ್ದನ್ನು ನಿಮ್ಮ ಹಡಗಿಗೆ ಹೇಳುತ್ತಿರುತ್ತಾರೆ, ಅಷ್ಟೆ.

ರತ್ನಗಂಬಳಿಗಿಂತ ಮೆಣಸಿಗೆ ರೇಟು ಜಾಸ್ತಿ ಅಲ್ವಾ? ಇಂಡಿಯಾಗೆ ಹೋಗಿ ಮೆಣಸು ತರೋದು ಬಿಟ್ಟು ಅಲ್ಲೇ ಯಾಕೆ ಸುತ್ತಬೇಕು?

ಎಲ್ಲರೂ ಎಡವುವ ಜಾಗ ಇದೇ, ಹಾಗಾಗಿ ಲೆಕ್ಕ ಬಿಡಿಸಿಯೇ ಹೇಳುತ್ತೇನೆ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡದ್ದು, ಆಟದ ರೇಟುಗಳಲ್ಲ.

ನಿಮ್ಮ ಹಡಗಿನಲ್ಲಿ 100 ಮೂಟೆ ಜಾಗ ಇದೆ ಅಂತಿಟ್ಟುಕೊಳ್ಳಿ. ಮೆಣಸಿಗೆ ಮೂಟೆಗೆ 60 ಲಾಭ. ಆದರೆ ಹೋಗಿ ಬರಲು 120 ದಿನ. ಅಷ್ಟು ದಿನಕ್ಕೆ ಬೇಕಾದ ನೀರು, ಊಟ 40 ಮೂಟೆಯ ಜಾಗ ತಿನ್ನುತ್ತೆ. ಉಳಿದದ್ದು 60 ಮೂಟೆ, ಲಾಭ 3,600. ದಿನಕ್ಕೆ ಹಂಚಿದರೆ 30. ನಾವಿಕರ ಖರ್ಚು ದಿನಕ್ಕೆ 10 ಅಂದರೆ ಕೈಗೆ ಸಿಗುವುದು 20.

ರತ್ನಗಂಬಳಿಗೆ ಮೂಟೆಗೆ ಬರೀ 15. ಆದರೆ ಹೋಗಿ ಬರಲು 16 ದಿನ, ದಿನಸಿಗೆ 5 ಮೂಟೆ ಜಾಗ ಸಾಕು. ಹೋಗುವಾಗ 95 ಮೂಟೆ ಕಂಬಳಿ, ಬರುವಾಗ ಅಷ್ಟೇ ಲಾಭದ 95 ಮೂಟೆ ಕಲಾಕೃತಿ. ಒಟ್ಟು 2,850. ದಿನಕ್ಕೆ 178 ಚಿಲ್ಲರೆ, ಖರ್ಚು ಕಳೆದರೆ 168.

ಇಪ್ಪತ್ತು ಎಲ್ಲಿ, ನೂರ ಅರವತ್ತೆಂಟು ಎಲ್ಲಿ! ಮೂಟೆಗೆ ನಾಲ್ಕು ಪಟ್ಟು ಲಾಭ ಇರುವ ಸರಕು ದಿನದ ಲೆಕ್ಕದಲ್ಲಿ ಎಂಟನೇ ಒಂದು ಭಾಗಕ್ಕೆ ಬಂತು. ಕೊಂಡ ರೇಟು, ಮಾರಿದ ರೇಟು ಎರಡನ್ನೇ ನೋಡಿ ‘ಡಬಲ್ ಆಯ್ತು’ ಅಂತ ಕುಣಿಯುವವರು ಕ್ಯಾಲೆಂಡರ್ ನೋಡಿರುವುದಿಲ್ಲ.

ಹಾಗಂತ ಮೆಣಸಿನ ದಾರಿ ದಂಡ ಅಂತಲ್ಲ. ದೊಡ್ಡ ಹಡಗು ಬಂದ ಮೇಲೆ, ನಡುವೆ ನೀರು ತುಂಬಿಕೊಳ್ಳಲು ಬಂದರು ಗೊತ್ತಾದ ಮೇಲೆ, ಹೋಗುವಾಗಲೂ ಹಡಗು ತುಂಬಿ ಹೋಗುವಂತಾದ ಮೇಲೆ ಲೆಕ್ಕ ತಿರುಗುತ್ತೆ. ಆಗ ಮತ್ತೆ ಇದೇ ಭಾಗಾಕಾರ ಮಾಡಿ ನೋಡಿ.

ಬರುವಾಗ ಖಾಲಿ ಹಡಗು ತಂದರೆ ಏನಾಗುತ್ತೆ?

ಅರ್ಧ ಸಂಪಾದನೆ ಹೋಗುತ್ತೆ. ಖರ್ಚು ಮಾತ್ರ ಪೂರ್ತಿ. ಹೋಗುವಾಗ 15, ಬರುವಾಗ 15 ಸಿಗುವ ಜೋಡಿ ಬಂದರು ಒಂದು ಕಡೆ ಮಾತ್ರ 25 ಸಿಗುವ ಜೋಡಿಗಿಂತ ಮೇಲು. ಎರಡೂ ಕಡೆ ಸರಕು ಸಿಗದಿದ್ದರೆ ಮೂರನೇ ಬಂದರು ಸೇರಿಸಿ ತ್ರಿಕೋನ ಮಾಡಿಕೊಳ್ಳಿ. ನಾಲ್ಕು, ಐದು ಅಂತ ಬೆಳೆಸಬೇಡಿ, ಯಾಕೆ ಅಂತ ಆಟೋ ರೂಟಿನ (ಹಡಗು ತಾನೇ ಊರೂರು ಸುತ್ತಿ ಕೊಂಡು ಮಾರುವ ಏರ್ಪಾಡಿನ) ಪ್ರಶ್ನೆಯಲ್ಲಿ ಹೇಳಿದ್ದೇನೆ.

ಮಾರ್ತಾ ಮಾರ್ತಾ ರೇಟು ಬಿದ್ದೋಗುತ್ತೆ. ಇದು ಬಗ್ಗಾ?

ಬಗ್ ಅಲ್ಲ, ಆಟದ ಜೀವಾಳ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ದೇವರಾಜ ಮಾರ್ಕೆಟ್‌ನಲ್ಲಿ ಸೇವಂತಿಗೆ ಮಾರಿಗೆ ಹೇಳಿದ್ದೇ ರೇಟು. ಹಬ್ಬ ಮುಗಿದ ಮಾರನೇ ದಿನ ಅದೇ ಹೂವನ್ನು ಕೇಳುವವರಿಲ್ಲ. ಆಟದ ಊರುಗಳೂ ಹಾಗೇ, ಬೇಕಾದಷ್ಟು ಬಂದು ಬಿತ್ತು ಅಂದರೆ ರೇಟು ಇಳಿಯುತ್ತೆ, ಕೆಲವು ದಿನ ಬಿಟ್ಟರೆ ಮತ್ತೆ ಏರುತ್ತೆ. ಪೆಟ್ರಿಶಿಯನ್‌ನಲ್ಲಿ ಇದು ಇನ್ನೂ ನೇರ: ಊರಿನ ಜನ ಎಷ್ಟು ಬಳಸುತ್ತಾರೆ, ಊರಲ್ಲಿ ಎಷ್ಟು ದಾಸ್ತಾನು ಇದೆ ಅನ್ನುವುದರ ಮೇಲೆ ಬೆಲೆ ನಿಂತಿರುತ್ತೆ. ಕೊಳ್ಳುವಾಗಲೂ ಇದೇ ಕಥೆ, ತಲೆಕೆಳಗಾಗಿ. ನೀವು ತೆಗೆದುಕೊಳ್ಳುತ್ತಾ ಹೋದಂತೆ ರೇಟು ಮೇಲೇರುತ್ತೆ, ಅದಕ್ಕೇ ಮೊದಲ ಮೂಟೆಯ ರೇಟನ್ನು ಅಸಲು ಅಂತ ಬರೆದುಕೊಳ್ಳಬೇಡಿ. ಒಟ್ಟು ಕೊಟ್ಟ ದುಡ್ಡನ್ನು ಒಟ್ಟು ಮೂಟೆಯಿಂದ ಭಾಗಿಸಿ ಬಂದದ್ದೇ ಅಸಲು.

ಹಾಗಾದರೆ ಎಲ್ಲಿಗೆ ನಿಲ್ಲಿಸಬೇಕು? ಅರ್ಧ ಇಲ್ಲಿ, ಅರ್ಧ ಮುಂದಿನ ಊರಲ್ಲಿ ಮಾರಲಾ?

ಇದಕ್ಕೂ ಲೆಕ್ಕ ಇದೆ, ಇವೂ ಉದಾಹರಣೆಯ ಅಂಕಿಗಳೇ. ನೂರು ಮೂಟೆ ತಂದಿದ್ದೀರಿ, ಅಸಲು ಮೂಟೆಗೆ 60. ಅಥೆನ್ಸ್‌ನಲ್ಲಿ ಮೊದಲ 20 ಮೂಟೆಗೆ 100 ಸಿಗುತ್ತೆ, ಮುಂದಿನ ಇಪ್ಪತ್ತಕ್ಕೆ 95, ಆಮೇಲೆ 90, 85, 80. ನೂರೂ ಅಲ್ಲೇ ಮಾರಿದರೆ ಬರುವುದು 9,000, ಲಾಭ 3,000.

ಕೊನೆಯ 40 ಮೂಟೆ ಉಳಿಸಿಕೊಂಡು ಪಕ್ಕದ ಬಂದರಿಗೆ ಹೋದಿರಿ. ಅಲ್ಲಿ ಇಪ್ಪತ್ತಕ್ಕೆ 95, ಇಪ್ಪತ್ತಕ್ಕೆ 90. ಆ ನಲವತ್ತರಿಂದ ಬಂದ ಲಾಭ 1,300. ಅಥೆನ್ಸ್‌ನಲ್ಲೇ ಸುರಿದಿದ್ದರೆ 900 ಸಿಗುತ್ತಿತ್ತು. 400 ಜಾಸ್ತಿ ಬಂತು, ಸರಿ. ಆದರೆ ಆ ಬಂದರಿಗೆ ಹೋಗಿ ಬರಲು 3 ದಿನ ಹೆಚ್ಚಿಗೆ ಹಿಡಿದರೆ? ನಿಮ್ಮ ದಿನದ ಸಂಪಾದನೆ 168 ಅಂತ ಮೇಲೆ ನೋಡಿದೆವಲ್ಲ, ಮೂರು ದಿನಕ್ಕೆ 504. ನಾನೂರಕ್ಕೆ ಆಸೆಪಟ್ಟು ಐನೂರ ನಾಲ್ಕು ಬಿಟ್ಟಂತಾಯಿತು. ಬಂದರು ದಾರಿಯಲ್ಲೇ ಇದ್ದರೆ ಮಾತ್ರ ಅರ್ಧ ಉಳಿಸಿ. ದಾರಿ ಬಿಟ್ಟು ಹೋಗಬೇಕಾದರೆ ಇಲ್ಲೇ ಸುರಿದು ಮುಂದಿನ ಸರಕು ತುಂಬಿ.

ಮೊದಲು ಬಂಡವಾಳವೇ ಇಲ್ಲ. ಏನು ಕೊಳ್ಳಲಿ?

ದಿನವೂ ಖರ್ಚಾಗುವ ಅಗ್ಗದ ಸರಕು. ಪೆಟ್ರಿಶಿಯನ್‌ನಲ್ಲಾದರೆ ಧಾನ್ಯ, ಬಿಯರ್, ಮೀನು ಇಂಥವು. ಲಾಭ ತೆಳು, ಆದರೆ ಮಾರಾಟವಾಗದೆ ಕೂರುವುದಿಲ್ಲ. ಮತ್ತೆ ಇದ್ದಬದ್ದ ದುಡ್ಡನ್ನೆಲ್ಲ ಸರಕಿಗೆ ಹಾಕಬೇಡಿ. ದಿನಸಿಗೆ, ರಿಪೇರಿಗೆ ಸ್ವಲ್ಪ ಕೈಯಲ್ಲಿರಲಿ.

ಆಟೋ ರೂಟ್ ಹಾಕಿ ಊಟಕ್ಕೆ ಹೋಗಿದ್ದೆ. ಬಂದು ನೋಡಿದ್ರೆ ಖಜಾನೆ ಖಾಲಿ. ಯಾಕೆ?

ಮೂರು ಕಾರಣ. ಬಹುಪಾಲು ಜನರಿಗೆ ಮೂರೂ ಒಟ್ಟಿಗೆ ಇರುತ್ತೆ.

ಒಂದು, ರೇಟಿನ ಮಿತಿ ಹಾಕಿರುವುದಿಲ್ಲ. ‘ಎಷ್ಟಾದರೂ ಸರಿ ತುಂಬು’ ಅಂತ ಹೇಳಿದರೆ ಕ್ಯಾಪ್ಟನ್ ಎಷ್ಟಾದರೂ ಕೊಟ್ಟು ತುಂಬುತ್ತಾನೆ. ಕೊಳ್ಳಲು ಗರಿಷ್ಠ ರೇಟು, ಮಾರಲು ಕನಿಷ್ಠ ರೇಟು, ಇವೆರಡಿಲ್ಲದೆ ಹಡಗನ್ನು ದಡ ಬಿಡಿಸಬೇಡಿ.

ಎರಡು, ಮಾರಾಟವಾಗದ ಸರಕು. ಕನಿಷ್ಠ ರೇಟು ಹಾಕಿದಿರಿ, ಊರಲ್ಲಿ ಆ ರೇಟು ಇಲ್ಲ, ಸರಕು ಹಡಗಿನಲ್ಲೇ ಉಳಿಯಿತು. ಮುಂದಿನ ಸುತ್ತಿಗೆ ಅದರ ಮೇಲೆ ಇನ್ನಷ್ಟು. ನಾಲ್ಕು ಸುತ್ತು ಆಗುವಷ್ಟರಲ್ಲಿ ಹಡಗೆಲ್ಲ ಒಂದೇ ಸರಕು, ಬೇರೆ ಏನನ್ನೂ ಹತ್ತಿಸಲು ಜಾಗವಿಲ್ಲ. ಇದಕ್ಕೆ ಮದ್ದು ಗೋದಾಮು. ಸುತ್ತಿನಲ್ಲಿ ಒಂದು ಊರನ್ನು ಗಟ್ಟಿ ಮಾಡಿಕೊಂಡು, ಉಳಿದದ್ದೆಲ್ಲ ಅಲ್ಲಿ ಇಳಿಯಲಿ ಅಂತ ಹಾಕಿ. ಹಡಗು ಪ್ರತಿ ಸುತ್ತೂ ಖಾಲಿಯಾಗಿ ಶುರುವಾಗಬೇಕು.

ಮೂರು, ಉದ್ದ ಸರಪಳಿ. ಎಂಟು ಹತ್ತು ಊರು ಸೇರಿಸಿದರೆ ಕೊನೆಯ ಊರಿನ ಸರದಿ ಬರುವಷ್ಟರಲ್ಲಿ ಅಲ್ಲಿ ಬರಗಾಲ, ಮೊದಲ ಊರಲ್ಲಿ ಸರಕು ಕೊಳೆಯುವಷ್ಟು. ನಡುವೆ ಒಂದು ದೊಡ್ಡ ಗೋದಾಮಿನ ಊರು, ಅದರಿಂದ ಸುತ್ತಲಿನ ಎರಡು ಮೂರು ಊರಿಗೆ ಒಂದೊಂದು ಚಿಕ್ಕ ಸುತ್ತು, ಇಂಥ ಏರ್ಪಾಡು ಕೆಟ್ಟರೂ ಒಂದು ತುಂಡು ಮಾತ್ರ ಕೆಡುತ್ತೆ.

ಪೆಟ್ರಿಶಿಯನ್ 3ರಲ್ಲಿ ಇನ್ನೊಂದು ಅನುಕೂಲ ಇದೆ, ತುಂಬ ಜನ ಅದನ್ನು ಮುಟ್ಟುವುದೇ ಇಲ್ಲ. ಊರಲ್ಲಿ ಕಚೇರಿ ಮಾಡಿ ಒಬ್ಬ ಮೇಲ್ವಿಚಾರಕನನ್ನು ಇಟ್ಟರೆ, ನೀವು ಹೇಳಿದ ರೇಟಿನೊಳಗೆ ಅವನೇ ದಿನವೂ ಕೊಂಡು ಗೋದಾಮಿಗೆ ಹಾಕುತ್ತಿರುತ್ತಾನೆ, ಮಾರುತ್ತಲೂ ಇರುತ್ತಾನೆ. ಹಡಗು ಬಂದ ದಿನ ಒಮ್ಮೆಗೇ ನೂರು ಮೂಟೆ ಎತ್ತಿದರೆ ರೇಟು ಏರುತ್ತೆ. ದಿನಕ್ಕೆ ನಾಲ್ಕೈದು ಮೂಟೆ ಎತ್ತಿದರೆ ಊರಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಹಡಗಿನ ಕೆಲಸ ಗೋದಾಮಿನಿಂದ ಗೋದಾಮಿಗೆ ಸಾಗಿಸುವುದು ಮಾತ್ರ. ಮೇಲ್ವಿಚಾರಕನ ಸಂಬಳ ನೋಡಿ ಹಿಂಜರಿಯಬೇಡಿ, ಬರುವ ಲಾಭದ ಮುಂದೆ ಆ ಸಂಬಳ ಲೆಕ್ಕಕ್ಕೇ ಇಲ್ಲ.

ನಷ್ಟಕ್ಕೆ ಮಾರೋದು ಎಂದಾದ್ರೂ ಸರಿಯಾ?

ಪೆಟ್ರಿಶಿಯನ್‌ನಲ್ಲಿ ಸರಿ. ಅಲ್ಲಿ ಮೇಯರ್ ಆಗಬೇಕು, ಆಮೇಲೆ ಇಡೀ ಹಾನ್ಸಾಕ್ಕೇ (ಉತ್ತರ ಯುರೋಪಿನ ವ್ಯಾಪಾರಿ ಊರುಗಳ ಹಳೆಯ ಒಕ್ಕೂಟ) ಮುಖ್ಯಸ್ಥನಾಗಬೇಕು ಅಂದರೆ ಊರಿನ ಜನ ನಿಮ್ಮನ್ನು ಇಷ್ಟಪಡಬೇಕು. ತವರೂರಲ್ಲಿ ಧಾನ್ಯ ಮುಗಿದಾಗ ಅಸಲಿಗೋ ಸ್ವಲ್ಪ ಕಡಿಮೆಗೋ ಕೊಟ್ಟರೆ ಹೆಸರು ಬರುತ್ತೆ. ಚುನಾವಣೆ ಖರ್ಚು ಅಂತ ತಿಳಿದುಕೊಳ್ಳಿ. ಮಂಡ್ಯದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ದಾರಿ ಹತ್ತಿರ ಇದ್ರೂ ಬರುವಾಗ ಯಾಕೆ ಎರಡರಷ್ಟು ದಿನ ಹಿಡಿಯುತ್ತೆ?

ಗಾಳಿ. ಸಿಡ್ ಮೈಯರ್ಸ್ ಪೈರೇಟ್ಸ್ ಆಡಿದವರಿಗೆ ಇದು ಮೈಗೆ ಹತ್ತಿರುತ್ತೆ: ಕೆರಿಬಿಯನ್‌ನಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದ ಪಶ್ಚಿಮಕ್ಕೆ. ಪಶ್ಚಿಮಕ್ಕೆ ಹೋಗುವಾಗ ಹಡಗು ಓಡುತ್ತೆ, ವಾಪಸ್ ಬರುವಾಗ ತೆವಳುತ್ತೆ. ಪೋರ್ಟ್ ರಾಯಲ್ 4ರಲ್ಲೂ ಗಾಳಿಗೆ ಬೆಲೆ ಇದೆ, ನಕ್ಷೆಯ ಮೇಲೆ ನೇರ ಗೆರೆಗಿಂತ ಬಾಗಿದ ಗೆರೆ ಬೇಗ ಮುಟ್ಟಿಸುವುದುಂಟು.

ಆಟ ಮಾಡಿದವರು ಇದನ್ನು ಸುಮ್ಮನೆ ಕಲ್ಪಿಸಿಕೊಂಡದ್ದಲ್ಲ. ಫಿಲಿಪ್ಪೀನ್ಸ್‌ನಿಂದ ಮೆಕ್ಸಿಕೋಗೆ ಹಡಗು ವಾಪಸ್ ತರುವ ದಾರಿ ಸ್ಪೇನಿನವರಿಗೆ ಬಹಳ ಕಾಲ ಸಿಕ್ಕಿರಲೇ ಇಲ್ಲ. 1565ರಲ್ಲಿ ಉರ್ದಾನೆಟಾ ಎಂಬ ಪಾದ್ರಿ, ಮೊದಲು ಉತ್ತರಕ್ಕೆ ಜಪಾನಿನ ಎತ್ತರದವರೆಗೆ ಏರಿ, ಅಲ್ಲಿ ಪಶ್ಚಿಮದ ಗಾಳಿ ಹಿಡಿದು ಶಾಂತ ಸಾಗರ ದಾಟಿ ತೋರಿಸಿದ. ಆ ದಾರಿಯಲ್ಲಿ 1815ರವರೆಗೆ, ಅಂದರೆ ಎರಡೂವರೆ ಶತಮಾನ, ಹಡಗು ಓಡಿದವು. ಹೋಗಲು ಸುಮಾರು ಮೂರು ತಿಂಗಳು, ಬರಲು ನಾಲ್ಕರಿಂದ ಆರು. ನಿಮ್ಮ ಲೆಕ್ಕದಲ್ಲೂ ಹೋಗುವ ದಿನ, ಬರುವ ದಿನ ಬೇರೆ ಬೇರೆ ಕಾಲಂನಲ್ಲಿರಲಿ. ಒಂದು ಕಡೆಯ ದಿನಗಳನ್ನು ಎರಡರಿಂದ ಗುಣಿಸಿದರೆ ಲೆಕ್ಕ ಸುಳ್ಳಾಗುತ್ತೆ.

ಗಾಳಿ ಎದುರಾಗುವ ಕಡೆಗೆ ಹಗುರ, ಬೆಲೆಬಾಳುವ ಸರಕು. ಗಾಳಿ ಬೆನ್ನಿಗಿರುವ ಕಡೆಗೆ ಭಾರದ, ಅಗ್ಗದ ಸರಕು. ಆಟ ಯಾವುದಾದರೂ ಇದು ಕೈಕಚ್ಚಿದ್ದು ಕಡಿಮೆ.

ಇತಿಹಾಸ ಓದಿದ್ರೆ ಆಟದಲ್ಲಿ ಉಪಯೋಗ ಆಗುತ್ತಾ, ಇಲ್ಲಾ ಸುಮ್ನೆ ಕಟ್ಟುಕಥೆನಾ?

ಆಗುತ್ತೆ. ನೇರವಾಗಿ ರೇಟು ಸಿಗುವುದಿಲ್ಲ, ಜೋಡಿ ಹುಡುಕುವ ಕಣ್ಣು ಬರುತ್ತೆ.

ಹಾನ್ಸಾ ವ್ಯಾಪಾರಿಗಳನ್ನೇ ನೋಡಿ. ದಕ್ಷಿಣ ಸ್ವೀಡನ್ನಿನ ಸ್ಕಾನಿಯಾ ಕರಾವಳಿಯಲ್ಲಿ ಹೆರಿಂಗ್ ಮೀನು ರಾಶಿರಾಶಿ, ಆದರೆ ಉಪ್ಪಿಲ್ಲದೆ ಅದು ಉಳಿಯುವುದಿಲ್ಲ. ಜರ್ಮನಿಯ ಲ್ಯೂನೆಬರ್ಗ್‌ನಲ್ಲಿ ಉಪ್ಪು ಇದೆ. ನಡುವೆ ಲ್ಯೂಬೆಕ್ ಬಂದರು. ಉಪ್ಪು ಹೋಗುವುದು, ಉಪ್ಪು ಹಾಕಿದ ಮೀನು ಬರುವುದು, ಹಡಗು ಎರಡೂ ಕಡೆ ತುಂಬಿರುತ್ತೆ. ಈ ಉಪ್ಪು ಸಾಗಿಸಲೆಂದೇ ಸ್ಟೆಕ್‌ನಿಟ್ಸ್ ಕಾಲುವೆ ತೋಡಿಸಿದರು, 1398ರಲ್ಲಿ ಅದರಲ್ಲಿ ದೋಣಿ ಓಡಿದವು. ನಾರ್ವೆಯ ಬರ್ಗೆನ್‌ನಲ್ಲೂ ಇದೇ ಬಗೆ: ಒಣಮೀನು ಹೊರಗೆ, ಧಾನ್ಯ ಒಳಗೆ. ಆಟದಲ್ಲಿ ಹೊಸ ಊರಿಗೆ ಹೋದಾಗ ‘ಇಲ್ಲಿ ಏನು ಅಗ್ಗ’ ಅಂತ ಕೇಳಿ ಸುಮ್ಮನಾಗಬೇಡಿ. ‘ಇದನ್ನು ಉಳಿಸಲು, ಮಾಡಲು ಇವರಿಗೆ ಏನು ಬೇಕು’ ಅಂತಲೂ ಕೇಳಿಕೊಳ್ಳಿ. ಬರುವಾಗ ತುಂಬುವ ಸರಕು ಅಲ್ಲಿ ಸಿಗುತ್ತೆ.

ಇನ್ನೊಂದು, ಚೀನಾ ಕರಾವಳಿಯ ಮಕಾವ್‌ನಿಂದ ಜಪಾನಿನ ನಾಗಸಾಕಿಗೆ ಪೋರ್ಚುಗೀಸರ ದಾರಿ. ಜಪಾನಿಗೆ ಚೀನಾದ ರೇಷ್ಮೆ ಬೇಕು, ಚೀನಾಕ್ಕೆ ಜಪಾನಿನ ಬೆಳ್ಳಿ ಬೇಕು. ಆದರೆ ಚೀನಾದ ಮಿಂಗ್ ಅರಸರು ಜಪಾನಿನ ಜೊತೆ ನೇರ ವ್ಯಾಪಾರಕ್ಕೆ ತಡೆ ಹಾಕಿದ್ದರು. 1557ರ ಹೊತ್ತಿಗೆ ಮಕಾವ್‌ನಲ್ಲಿ ನೆಲೆ ಮಾಡಿಕೊಂಡ, 1571ರಿಂದ ನಾಗಸಾಕಿಗೆ ಹೋಗತೊಡಗಿದ ಪೋರ್ಚುಗೀಸರು ನಡುವೆ ನಿಂತು ಎರಡೂ ಕೈಯಲ್ಲಿ ಬಾಚಿಕೊಂಡರು. ಅವರ ಸ್ವಂತ ಸರಕು ಅದರಲ್ಲಿ ಇದ್ದದ್ದು ತೀರಾ ಕಡಿಮೆ! ಆಟದಲ್ಲೂ ಯುದ್ಧ ಬಿದ್ದ ಎರಡು ದೇಶಗಳ ನಡುವೆ ನೀವು ಯಾರ ಕಡೆಗೂ ಸೇರದೆ ಉಳಿದಿದ್ದರೆ ಅದಕ್ಕಿಂತ ಒಳ್ಳೆ ದಾರಿ ಹುಡುಕಬೇಕಾಗಿಲ್ಲ.

ಗೋವಾ, ಕಲ್ಲಿಕೋಟೆ, ಕೊಚ್ಚಿ ಇರುತ್ತೆ. ನಮ್ಮ ಮಂಗಳೂರು, ಭಟ್ಕಳ ಯಾಕೆ ಕಾಣಲ್ಲ?

ಇಂಥ ಆಟಗಳ ಭಾರತ ಪೋರ್ಚುಗೀಸರ ನಕ್ಷೆಯ ಭಾರತ. ಅವರ ಕೋಟೆ ಎಲ್ಲಿ ದೊಡ್ಡದೋ ಆ ಹೆಸರು ದಪ್ಪ ಅಕ್ಷರದಲ್ಲಿ. ನಿಜದಲ್ಲಿ ವಿಜಯನಗರಕ್ಕೆ ಸಮುದ್ರದ ಮೇಲಿಂದ ಬಂದ ಅರಬ್ಬಿ ಕುದುರೆಗಳು ಇಳಿಯುತ್ತಿದ್ದುದು ಭಟ್ಕಳ, ಹೊನ್ನಾವರದಂಥ ಬಂದರುಗಳಲ್ಲಿ. ಬಸರೂರು, ಮಂಗಳೂರಿನ ಅಕ್ಕಿ ಇಲ್ಲದಿದ್ದರೆ ಗೋವಾದ ಪೋರ್ಚುಗೀಸರ ಹೊಟ್ಟೆ ತುಂಬುತ್ತಿರಲಿಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಅಂತಲೇ ಕರೆದರು. ಇಷ್ಟೆಲ್ಲ ಇದ್ದೂ ಆಟದಲ್ಲಿ ಆ ಕರಾವಳಿ ಬರೀ ಹಸಿರು ಗೆರೆ. ನನಗೂ ಹೊಟ್ಟೆ ಉರಿಯುತ್ತೆ.

ಮೈಸೂರಿಗೂ ಹಡಗಿಗೂ ಏನು ಸಂಬಂಧ ಅಂತ ಮನೆಯಲ್ಲಿ ನಗ್ತಾರೆ. ಏನು ಹೇಳಲಿ?

ಶ್ರೀರಂಗಪಟ್ಟಣದ ಬಸ್ಸು ಹತ್ತಿಸಿ ಕರೆದುಕೊಂಡು ಹೋಗಿ. ಹೈದರಾಲಿ 1763ರಲ್ಲಿ ಬಿದನೂರು ಗೆದ್ದ ಮೇಲೆ ಮಂಗಳೂರು ಮೈಸೂರಿನ ಕೈಗೆ ಬಂತು. ಆಮೇಲೆ ಟಿಪ್ಪು ಮಸ್ಕತ್‌ನಲ್ಲಿ ಸರ್ಕಾರದ್ದೇ ವ್ಯಾಪಾರದ ಕೋಠಿ ಇಟ್ಟಿದ್ದ. ಇಲ್ಲಿಂದ ಗಂಧ, ಮೆಣಸು, ಏಲಕ್ಕಿ, ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಸಮುದ್ರದಿಂದ ಇಷ್ಟು ದೂರದ, ಕಾವೇರಿ ನಡುವಿನ ಒಂದು ದ್ವೀಪದಲ್ಲಿ ಕೂತು ಕೊಲ್ಲಿಯ ಕೋಠಿಗೆ ಹುಕುಂ ಕಳಿಸುತ್ತಿದ್ದ.

ಆಟ ಆಡುವವರು ಗಮನಿಸಬೇಕಾದ್ದು ಅವನ ಗಂಧದ ವ್ಯವಹಾರ. ಗಂಧದ ಮರ ಸರ್ಕಾರದ ಸೊತ್ತು, ಮಾರಾಟ ಸರ್ಕಾರದ್ದೇ, ಇಂಗ್ಲಿಷರಿಗೆ ಇಲ್ಲಿಂದ ನೇರ ಸಿಗದ ಹಾಗೆ ತಡೆ. ಬೇಕಾದವರು ಮಸ್ಕತ್‌ಗೆ ಬಂದು ಕೊಳ್ಳಲಿ ಅನ್ನುವ ಧಾಟಿ. ಸರಕು ಒಬ್ಬರ ಕೈಯಲ್ಲೇ ಇದ್ದಾಗ ಎಲ್ಲಿ, ಎಷ್ಟು, ಯಾವಾಗ ಬಿಡಬೇಕು ಅನ್ನುವುದೂ ಅವರ ಕೈಯಲ್ಲೇ. ಪೋರ್ಟ್ ರಾಯಲ್‌ನಲ್ಲಿ ಒಂದು ಸರಕಿನ ತಯಾರಿಕೆ ಪೂರ್ತಿ ನಿಮ್ಮದಾದರೆ ಇದನ್ನು ಮಾಡಿ ನೋಡಿ: ಗೋದಾಮಿನಲ್ಲಿ ಹಿಡಿದಿಟ್ಟು, ರೇಟು ನೆತ್ತಿಗೇರಿದ ಊರಿಗೆ ಮಾತ್ರ ಸ್ವಲ್ಪ ಸ್ವಲ್ಪ ಬಿಡಿ. ಎಲ್ಲ ಊರಿಗೂ ಹಂಚಿದವರಿಗಿಂತ ಕಡಿಮೆ ಹಡಗಿನಲ್ಲಿ ಹೆಚ್ಚು ಬರುತ್ತೆ.

ಕಚ್ಚಾ ಸರಕು ಸಾಗಿಸಲಾ, ತಯಾರಾದದ್ದು ಸಾಗಿಸಲಾ?

ತಯಾರಾದದ್ದು. ಸಕ್ಕರೆಗಿಂತ ರಮ್, ಹತ್ತಿಗಿಂತ ಬಟ್ಟೆ. ಒಂದೇ ಮೂಟೆ ಜಾಗಕ್ಕೆ ಹೆಚ್ಚು ಬೆಲೆ. ಕಾರ್ಖಾನೆ ಕಚ್ಚಾ ಸರಕು ಸಿಗುವ ಊರಲ್ಲೇ ಇರಲಿ.

ಕಡಲ್ಗಳ್ಳರ ಕಾಟ. ಕಾವಲು ಹಡಗು ಇಟ್ಟುಕೊಳ್ಳಬೇಕಾ?

ಇಪ್ಪತ್ತು ಸಲಕ್ಕೆ ಒಂದು ಸಲ 6,000 ಬೆಲೆಯ ಸರಕು ಹೋಗುತ್ತೆ ಅಂದರೆ, ಪ್ರತಿ ಸಲಕ್ಕೂ 300 ನಷ್ಟ ಅಂತ ಬರೆದುಕೊಳ್ಳಿ. ಕಾವಲು ಹಡಗಿನ ಖರ್ಚು ದಿನಕ್ಕೆ 20, ದಾರಿ 16 ದಿನ ಅಂದರೆ 320. ಹೆಚ್ಚು ಕಡಿಮೆ ಸಮ. ಧಾನ್ಯಕ್ಕೆ ಕಾವಲು ಬೇಡ, ರೇಷ್ಮೆಗೆ ಬೇಕು. ಸರಕಿನ ಜೊತೆ ಹಡಗೇ ಹೋಗುವ ಆಟವಾದರೆ ಹಡಗಿನ ಬೆಲೆಯನ್ನೂ ಆರು ಸಾವಿರಕ್ಕೆ ಸೇರಿಸಿ ನೋಡಿ, ಆಗ ತಕ್ಕಡಿ ಕಾವಲಿನ ಕಡೆ ವಾಲುತ್ತೆ. ಬೇಗ ಓಡುವ ಹಡಗು ಇದ್ದರೆ ಇದ್ಯಾವುದೂ ಬೇಡ, ಓಡಿ.

ದೂರ ಹೋದ್ರೆ ನಾವಿಕರು ಸಾಯ್ತಾರೆ. ಊಟ, ನೀರು ಇದ್ದರೂ!

ಅದು ಸ್ಕರ್ವಿ, ತಾಜಾ ಹಣ್ಣು ತರಕಾರಿ ಸಿಗದೆ ಬರುವ ರೋಗ. ನ್ಯೂ ಹೊರೈಜನ್ಸ್‌ನಲ್ಲಿ ನಿಂಬೆರಸ ಕೊಂಡು ಇಟ್ಟುಕೊಳ್ಳಿ, ಇಲಿ ಪಾಷಾಣವೂ ಇರಲಿ. ನಿಜದ ನಾವಿಕರಿಗೂ ಇದೇ ಗತಿಯಾಗಿತ್ತು, ಕಿತ್ತಳೆ ನಿಂಬೆ ಕೊಟ್ಟರೆ ಗುಣವಾಗುತ್ತೆ ಅಂತ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 1747ರಲ್ಲಿ ಪರೀಕ್ಷೆ ಮಾಡಿ ತೋರಿಸಿದ. ಇನ್ನೊಂದು, ಸರಕು ಸಾಗಿಸುವ ಹಡಗಿಗೆ ಅಗತ್ಯಕ್ಕಿಂತ ಹೆಚ್ಚು ಜನ ಹತ್ತಿಸಬೇಡಿ. ಹಡಗು ನಡೆಯುವಷ್ಟು ಸಾಕು, ಪ್ರತಿ ತಲೆಗೂ ನೀರು ಬೇಕು, ಆ ನೀರಿನ ಜಾಗದಲ್ಲಿ ಸರಕು ಕೂರುತ್ತಿತ್ತು. ಅದೇ ಆಟದಲ್ಲಿ ಹಡಗುಕಟ್ಟೆಗೆ ಹೋಗಿ ಜನರ ಜಾಗ, ಫಿರಂಗಿ ಜಾಗ ಕಡಿಮೆ ಮಾಡಿ ಸರಕಿನ ಜಾಗ ಹೆಚ್ಚಿಸಿಕೊಳ್ಳಬಹುದು.

ದೊಡ್ಡ ಹಡಗು ಒಂದಾ, ಚಿಕ್ಕವು ಎರಡಾ?

ಒಂದೇ ದಾರಿಯಲ್ಲಿ 200 ಮೂಟೆ ತಂದರೆ ಕೊನೆಯ ನೂರು ಬಿದ್ದ ರೇಟಿಗೆ ಹೋಗುತ್ತೆ. ಅದೇ ಎರಡು ಹಡಗು ಎರಡು ಬೇರೆ ದಾರಿಯಲ್ಲಿದ್ದರೆ ಎರಡು ಊರಿನಲ್ಲೂ ಮೇಲಿನ ರೇಟು ಸಿಗುತ್ತೆ. ಹತ್ತಿರದ ಬಂದರುಗಳಿಗೆ ಚಿಕ್ಕವು ಎರಡು. ದೂರದ ಮೆಣಸಿಗೆ ದೊಡ್ಡದು ಒಂದು, ಯಾಕೆಂದರೆ ಅಲ್ಲಿ ದಿನಸಿಯೇ ಅರ್ಧ ಹಡಗು ನುಂಗುತ್ತೆ.

ಬಂದರಿನಲ್ಲಿ ದುಡ್ಡು ಹೂಡಿದ್ರೆ ವಾಪಸ್ ಬರುತ್ತಾ?

ನ್ಯೂ ಹೊರೈಜನ್ಸ್‌ನಲ್ಲಿ ಬರುತ್ತೆ, ನಿಧಾನವಾಗಿ. ಹೂಡಿಕೆ ಮಾಡಿದ ಬಂದರು ಬೆಳೆಯುತ್ತೆ, ನಿಮ್ಮ ದೇಶದ ಕಡೆಗೂ ವಾಲುತ್ತೆ. ನೀವು ದಿನವೂ ಹೋಗಿ ಬರುವ ಎರಡು ಬಂದರಿನಲ್ಲಿ ಹಾಕಿ. ವರ್ಷಕ್ಕೊಮ್ಮೆ ಮುಖ ತೋರಿಸುವ ಊರಿಗೆ ಹಾಕಿದ್ದು ದಾನ. ಸುಂಕ ವಿನಾಯಿತಿಯ ಪತ್ರ ಸಿಗುವ ಅವಕಾಶ ಬಂದರೆ ಮಾತ್ರ ಹಿಂದೆ ಮುಂದೆ ನೋಡಬೇಡಿ.

ರೇಟುಗಳನ್ನು ಎಲ್ಲಿ ಬರೆದಿಡಲಿ? ಎಕ್ಸೆಲ್ ಬೇಕಾ?

ಬೇಕಿಲ್ಲ. ನಮ್ಮ ಗುಂಪಿನಲ್ಲಿ ಮದ್ದೂರು ಕಡೆಯ ಒಬ್ಬ ಹುಡುಗ ಅಪ್ಪನ ಅಂಗಡಿಯ ಕೆಂಪು ರಟ್ಟಿನ ಉದ್ದ ಲೆಕ್ಕದ ಪುಸ್ತಕದಲ್ಲೇ ಬರೆಯುತ್ತಾನೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಒಂದು ಸುತ್ತಿಗೆ ಒಂದೇ ಸಾಲು: ಹೊರಟ ದಿನ, ಮುಟ್ಟಿದ ದಿನ, ಸರಕು, ಅಸಲು, ಮೊದಲ ಮೂಟೆ ಮಾರಿದ ರೇಟು, ಕೊನೆಯ ಮೂಟೆ ಮಾರಿದ ರೇಟು, ಕೊನೆಗೆ ದಿನಕ್ಕೆ ಎಷ್ಟು. ಮೊದಲ ಮತ್ತು ಕೊನೆಯ ಮೂಟೆಯ ರೇಟು ಎರಡನ್ನೂ ಬರೆಯುವುದು ಅವನದೇ ಉಪಾಯ. ಎರಡರ ನಡುವಿನ ಅಂತರ ಸುತ್ತಿನಿಂದ ಸುತ್ತಿಗೆ ದೊಡ್ಡದಾಗುತ್ತಿದ್ದರೆ, ಮೊದಲ ರೇಟೇ ಕೆಳಗಿನಿಂದ ಶುರುವಾಗುತ್ತಿದ್ದರೆ, ಆ ಊರಿಗೆ ಸಾಕಾಗಿದೆ ಅಂತ. ಆಗ ಅವನು ಆ ಸಾಲಿನ ಪಕ್ಕ ಒಂದು ಕಾಟು ಹಾಕಿ ಸ್ವಲ್ಪ ಕಾಲ ಬೇರೆ ದಾರಿ ಹಿಡಿಯುತ್ತಾನೆ. ಎಕ್ಸೆಲ್‌ನಲ್ಲಿ ಬಣ್ಣ ಬಣ್ಣದ ಗ್ರಾಫ್ ಮಾಡುವ ನಮ್ಮ ಕುವೆಂಪುನಗರದ ಇಂಜಿನಿಯರುಗಳಿಗಿಂತ ಅವನ ಖಜಾನೆ ದಪ್ಪಗಿದೆ.

ಹಳೇ ಲ್ಯಾಪ್‌ಟಾಪ್, ಜೊತೆಗೆ ಕರೆಂಟು ನೆಟ್ಟಗಿರಲ್ಲ. ಯಾವ ಆಟ ಆಡಲಿ?

ಪೆಟ್ರಿಶಿಯನ್ 3. 2003ರ ಆಟ, ಎಂಥ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಪೋರ್ಟ್ ರಾಯಲ್ 4 2020ರದು, ಅದಕ್ಕೆ ಸ್ವಲ್ಪ ಗಟ್ಟಿ ಮಷೀನು ಬೇಕು. ಬ್ಯಾಟರಿ ಕೈಕೊಡುವಂಥದ್ದಾದರೆ ದೊಡ್ಡ ಸರಕು ಮಾರಿದ ತಕ್ಷಣ ಸೇವ್ ಮಾಡಿ.

ಸೇವ್ ಮಾಡಿ, ರೇಟು ಸರಿ ಇಲ್ಲ ಅಂದ್ರೆ ಮತ್ತೆ ಲೋಡ್ ಮಾಡೋದು ಮೋಸಾನಾ?

ನಿಮ್ಮ ಹಡಗು, ನಿಮ್ಮ ಇಷ್ಟ. ನಾನು ಮಾಡಲ್ಲ, ಬೇಜಾರು ಹಿಡಿಸುತ್ತೆ.

ಅಣ್ಣಾ, ನಿಮ್ಮ ಸೇವ್ ಫೈಲೇ ಕಳಿಸಿಬಿಡಿ, ನೋಡ್ಕೊಂಡು ಕಲೀತೀನಿ.

ಕಳಿಸಲ್ಲ. ಎರಡು ಬಂದರಿನ ರೇಟು, ಹೋಗುವ ಬರುವ ದಿನ, ನಿಮ್ಮ ಹಡಗಿನ ಜಾಗ, ಇಷ್ಟು ಬರೆದು ಕಳಿಸಿ. ಲೆಕ್ಕ ಕೂತು ನೋಡೋಣ.